ಹಾಡಿಗೆ ಅಂಟಿದ ಮಂಗಳ

ಚಿಂಚೋಳಿಯಿಂದ ಶಹಾಬಾದಕ್ಕೆ ಸೊಸೆಯಾಗಿ ಬಂದ ಪದ್ಮಾಬಾಯಿಯನ್ನು ಗಂಡ ಜಯತೀರ್ಥ ದಿನಾ ಬೆಳಿಗ್ಗೆ ಒಂದೇ ಮಾತು ಕೇಳುತ್ತಿದ್ದ. ಚಹಾದ ಕಪ್ಪು ಕೈಗೆ ತೆಗೆದುಕೊಂಡು, ದನಿ ಇಳಿಸಿ, ತುಸು ನಾಚಿ ಕೇಳುತ್ತಿದ್ದ.

"ಚಿಂಚೋಳಿ ಭಾಳ ನೆನಪಾಗ್ತದೇನು?"

ಹೊಸದಾಗಿ ಬಂದ ಹೆಂಡತಿಯನ್ನು ಒಳ್ಳೆಯ ಗಂಡ ಕೇಳುವ ಮಾತು ಅದು. ಒಳಕೋಣೆಯಲ್ಲಿ ತಾಯಿ ಇದ್ದಾಳೆ, ಕೇಳಿಸಿಕೊಂಡಾಳು ಎಂದು ಅವನ ಸಂಕೋಚ. ಆದರೆ ಪದ್ಮಾಬಾಯಿ ಆ ಮನೆಗೆ ಬಂದು ನಾಲ್ಕು ವರ್ಷವಾಗಿತ್ತು. ಒಳಕೋಣೆಯಲ್ಲಿ ಜೋಳದ ಚೀಲ ಬಿಟ್ಟರೆ ಏನೂ ಇರಲಿಲ್ಲ. ಅತ್ತೆ ತೀರಿಕೊಂಡು ವರ್ಷದ ಮೇಲಾಗಿತ್ತು.

"ಇಲ್ರಿ. ಈಗ ಇದೇ ನಮ್ಮೂರಲ್ಲ," ಎನ್ನುತ್ತಿದ್ದಳು ಅವಳು. ಕಪ್ಪು ಕೆಳಗಿಡುವುದರೊಳಗೆ ಜಯತೀರ್ಥ ಕೇಳಿದ್ದನ್ನೂ ಮರೆತಿರುತ್ತಿದ್ದ, ಉತ್ತರವನ್ನೂ ಮರೆತಿರುತ್ತಿದ್ದ.

ಮದುವೆಯಾದ ವರ್ಷವೇ, ಗಣಪತಿ ಹಬ್ಬ ಮುಗಿದ ಮೇಲೆ, ಅವನಿಗೆ ಜ್ವರ ಬಂದು ಮಿದುಳಿಗೆ ಏರಿತು. ಸೊಲ್ಲಾಪುರದ ದವಾಖಾನೆಯಲ್ಲಿ ಬಹಳ ದಿನ ಮಲಗಿ ಎದ್ದು ಬಂದಾಗ ಜೀವ ಉಳಿದಿತ್ತು, ಮಾತು ಉಳಿದಿತ್ತು, ಹಾರ್ಮೋನಿಯಂ ಕೂಡ ಉಳಿದಿತ್ತು. ಚಿತ್ತಾಪುರದಲ್ಲಿ ಕಲಿತ ಸಾಲೆ, ವಾಡಿ ಸ್ಟೇಷನ್ನಿನಲ್ಲಿ ರೈಲು ತಪ್ಪಿಸಿಕೊಂಡದ್ದು, ಮದುವೆಯಲ್ಲಿ ಊಟಕ್ಕೆ ಬಡಿಸಿದ ಹೋಳಿಗೆ, ಎಲ್ಲ ಜ್ಞಾಪಕವಿತ್ತು. ಜ್ವರದ ಈಚೆಗಿನದು ಮಾತ್ರ ಯಾವುದೂ ನಿಲ್ಲುತ್ತಿರಲಿಲ್ಲ. ಬೇಸಿಗೆಯಲ್ಲಿ ಅಂಗಳದ ಹಾಸುಗಲ್ಲಿನ ಮೇಲೆ ನೀರು ಚೆಲ್ಲಿದಂತೆ. ಒರೆಸಲು ಬಟ್ಟೆ ತರುವುದರೊಳಗೆ ಕಲ್ಲು ಒಣಗಿರುತ್ತಿತ್ತು.

ತಾಯಿ ಸತ್ತ ದಿನ ಅವನು ಎದೆ ಬಡಿದುಕೊಂಡು ಅತ್ತ. ಸಂಜೆ "ಅವ್ವ ಎಲ್ಲಿ?" ಎಂದ. ಹೇಳಿದರು. ಮತ್ತೆ ಮೊದಲ ಸಲ ಕೇಳಿದವನಂತೆ ಅತ್ತ. ಮರುದಿನವೂ ಅದೇ ಆಯಿತು. ಆಮೇಲೆ ಪದ್ಮಾಬಾಯಿ ಹೇಳುವುದನ್ನು ಬಿಟ್ಟಳು. ಕೇಳಿದಾಗೆಲ್ಲ, "ಸನ್ನತಿಗೆ ಹೋಗ್ಯಾರ್ರಿ, ದೇವಿ ದರ್ಶನಕ್ಕ," ಎನ್ನುತ್ತಿದ್ದಳು. ಅಳು ಅವಳ ಪಾಲಿಗೂ ಅಲ್ಲಿಗೇ ನಿಂತಿತ್ತು. ಅವಳು ಅಡಿಗೆ ಮಾಡುತ್ತಿದ್ದಳು, ಅವನನ್ನು ಸಾಲೆಗೆ ಕರೆದುಕೊಂಡು ಹೋಗುತ್ತಿದ್ದಳು, ಕರೆದುಕೊಂಡು ಬರುತ್ತಿದ್ದಳು. ನಾಲ್ಕು ವರ್ಷ ಜೊತೆಗೆ ಬದುಕಿದ್ದು ತಾನೊಬ್ಬಳೇ, ಗಂಡನ ಲೆಕ್ಕದಲ್ಲಿ ತಾನಿನ್ನೂ ಮೊನ್ನೆ ಬಂದ ಹುಡುಗಿ ಎಂಬುದು ಮೊದಮೊದಲು ಅವಳನ್ನು ಚುಚ್ಚುತ್ತಿತ್ತು. ಬರಬರುತ್ತ ಅದೂ ಮರಗಟ್ಟಿತು.

ಅವನು ಕಲ್ಲಿನ ವ್ಯಾಪಾರಸ್ಥರು ಸೇರಿ ನಡೆಸುತ್ತಿದ್ದ ಹೆಣ್ಣುಮಕ್ಕಳ ಸಾಲೆಯೊಂದರಲ್ಲಿ ಸಂಗೀತದ ಮಾಸ್ತರ. ಜ್ವರದ ಮೊದಲು ಕಲಿಸುತ್ತಿದ್ದ ಹಾಡುಗಳನ್ನೇ ಕಲಿಸುತ್ತಿದ್ದುದರಿಂದ ನೌಕರಿ ಹೇಗೋ ನಡೆದಿತ್ತು. ದಿನಾ ಕ್ಲಾಸಿಗೆ ಹೋಗಿ, "ನಾ ಜಯತೀರ್ಥ ಅಂತ, ನಿಮ್ಮ ಹೆಸರು ಹೇಳ್ರಿ," ಎಂದು ಶುರುಮಾಡುತ್ತಿದ್ದ. ಹುಡುಗಿಯರು ಅವನಿಗೆ 'ಹೊಸ ಸರ್' ಎಂದು ಹೆಸರಿಟ್ಟಿದ್ದರು. ಎಪ್ಪತ್ಮೂರರ ಗಣಪತಿ ಹಬ್ಬದ ಹೊತ್ತಿಗೆ ಹೆಡ್ಮಾಸ್ತರ್ ಅಂಬಾರಾಯ ಮನೆಗೆ ಬಂದರು.

"ಬರ್ರಿ ಸರ್, ಕುಂದ್ರಿ. ಯಾವಾಗ ಬಂದ್ರಿ?" ಎಂದ ಜಯತೀರ್ಥ.

"ಈಗೇ ಬಂದೆ ಮಾಸ್ತರ." ಅಂಬಾರಾಯ ಕುಳಿತು ಪದ್ಮಾಬಾಯಿಯ ಕಡೆ ತಿರುಗಿದರು. "ನೋಡು ತಂಗಿ, ಇಷ್ಟು ದಿನ ಹೆಂಗೋ ದೂಡಿದೆ. ಈಗ ರಾಜ್ಯದ ಹೆಸರೇ ಬದಲಾಗ್ಲಿಕತ್ತದ. ನವೆಂಬರ ಒಂದಕ್ಕ ದೊಡ್ಡ ಕಾರ್ಯಕ್ರಮ, ಗುಲಬರ್ಗಾದಿಂದ ಸಾಹೇಬ್ರು ಬರ್ತಾರ. ಮೊನ್ನಿ ಇವರು ಕ್ಲಾಸಿನಾಗ ಮೈಸೂರು ರಾಜ್ಯದ ಹಾಡು ಹಾಡಿಸ್ಲಿಕತ್ತಿದ್ರು. ಕಿಡಕ್ಯಾಗ ಸಾಲಿ ಸೆಕ್ರೆಟರಿ ನಿಂತಿದ್ರು."

"ಬರ್ರಿ ಸರ್. ಯಾವಾಗ ಬಂದ್ರಿ?" ಎಂದ ಜಯತೀರ್ಥ, ಒಳಗೆ ನೀರು ಕುಡಿದು ಹೊರಗೆ ಬಂದವನು.

"ಈಗೇ ಬಂದೆ," ಎಂದರು ಅಂಬಾರಾಯ, ಬೇಸರವಿಲ್ಲದೆ. ಆಮೇಲೆ ದನಿ ತಗ್ಗಿಸಿದರು. "ಸೆಕ್ರೆಟರಿಗೆ ಒಬ್ಬ ಭಾವಮೈದ ಅದಾನ, ಬುಲ್‌ಬುಲ್ ತರಂಗ ಬಾರಸ್ತಾನ. ಅಂವನ್ನ ತಗೋರಿ ಅಂತ ಕುತ್ಗಿ ಮ್ಯಾಲೆ ಕುಂತಾರ. ನಾ ಒಂದು ಹೊಸ ಹಾಡು ಬರದೀನಿ, ಸ್ವಾಗತದ್ದು. ಇವರು ಅದನ್ನ ಬಾರಿಸಿಬಿಟ್ರ ಯಾರೂ ಬಾಯಿ ತಗ್ಯಾಂಗಿಲ್ಲ. ಬಾರಿಸ್ಲಿಲ್ಲಂದ್ರ ನನ್ನ ಕೈಲಿ ಆಗಂಗಿಲ್ಲ, ತಂಗಿ."

"ಹೊಸಾದು ಅವರಿಗೆ ನಿಂದ್ರಂಗಿಲ್ರಿ ಸರ್."

"ಗೊತ್ತದ. ಅದಕ್ಕೇ ಮೊದಲೇ ಬಂದು ಹೇಳ್ಲಿಕತ್ತೀನಿ."

ಅವರು ಹೋಗುವಾಗ ಜಯತೀರ್ಥ ಬಾಗಿಲಿಗೆ ಬಂದು, ಬರ್ರಿ ಸರ್, ಕುಂದ್ರಿ ಎಂದ.

ಹಾಡಿಗೆ ಚಾಲು, ಅಂದರೆ ಧಾಟಿ, ಕೂಡಿಸಿದವನು ಮಜೀದಸಾಬ. ಜಯತೀರ್ಥನ ಬಾಲ್ಯದ ದೋಸ್ತ. ಹಗಲು ಕಲ್ಲು ಪಾಲಿಶ್ ಮಾಡಿಸುವ ಅಡ್ಡೆ ನೋಡಿಕೊಳ್ಳುತ್ತಿದ್ದ, ಸಂಜೆ ತಬಲಾ. ಭೂಪ ರಾಗದಲ್ಲಿ, ಹುಡುಗಿಯರ ಬಾಯಿಗೆ ಸಲೀಸಾಗಿ ಬರುವಂಥ ಚಾಲು. ಅದನ್ನು ಅವನು ಪದ್ಮಾಬಾಯಿಗೆ ಕಲಿಸಿದ. ಅವಳು ಚಿಂಚೋಳಿಯಲ್ಲಿ ತಾಯಿಯ ಜೊತೆ ದಾಸರ ಪದ ಹಾಡಿಕೊಂಡು ಬೆಳೆದವಳು. ಕಂಠ ದೊಡ್ಡದಲ್ಲದಿದ್ದರೂ ಸ್ವರ ತಪ್ಪುತ್ತಿರಲಿಲ್ಲ.

"ವೈನಿ, ನೀವು ಹಾಡ್ರಿ, ಅಂವ ಹಿಂದಿಂದ ಬಾರಸ್ಲಿ. ಇವತ್ತು ಮರೀತಾನ, ನಾಳಿ ಮತ್ತ ಹಾಡ್ರಿ. ನಮ್ಮ ಮಷೀನಿಗೆ ಕಲ್ಲು ಕೊಟ್ಟಂಗ. ಒಂದೇ ಸಲಕ್ಕ ಯಾವ ಕಲ್ಲೂ ಹೊಳ್ಯಾಂಗಿಲ್ಲ," ಎಂದ ಮಜೀದಸಾಬ.

ಅಂದಿನಿಂದ ಸಾಲೆ ಬಿಟ್ಟು ಬಂದ ಮೇಲೆ ಇಬ್ಬರೂ ಹಾರ್ಮೋನಿಯಂ ಮುಂದೆ ಕುಳಿತರು. ಅವಳು ಒಂದು ಸಾಲು ಹಾಡಿದರೆ ಜಯತೀರ್ಥನ ಮುಖ ಅರಳುತ್ತಿತ್ತು.

"ನಿನಗ ಹಾಡ್ಲಿಕ್ಕ ಬರ್ತದಂತ ನಿಮ್ಮ ಮನ್ಯಾಗ ಯಾರೂ ಹೇಳೇ ಇಲ್ಲಲ್ಲ?"

"ನೀವು ಕೇಳ್ಲಿಲ್ರಿ."

"ಇದು ಯಾರ ಚಾಲು? ನಾ ಕೇಳಿಲ್ಲ."

"ಮಜೀದಸಾಬಂದು."

"ಅಂವಂದಾ? ಅಂವಗ ಧಾ ಧಿನ್ ಬಿಟ್ರ ಏನ್ ಬರ್ತದ?" ಎಂದು ನಗುತ್ತಿದ್ದ.

ಮರುದಿನವೂ ಅದೇ ಆಶ್ಚರ್ಯ, ಅದೇ ನಗು. ತನ್ನ ಹೆಂಡತಿ ಹಾಡುತ್ತಾಳೆಂದು ಒಬ್ಬ ಗಂಡಸಿಗೆ ದಿನಾ ಹೊಸದಾಗಿ ತಿಳಿಯುವುದು, ದಿನಾ ಅವನಿಗೆ ಅಷ್ಟೇ ಸಂತೋಷವಾಗುವುದು. ಹೊರಗಿನವರು ಕೇಳಿದರೆ ಭಾಗ್ಯ ಎಂದಾರು. ಪದ್ಮಾಬಾಯಿ ಉತ್ತರಗಳನ್ನು ಬಾಯಿಪಾಠದಂತೆ ಒಪ್ಪಿಸಿ ಎರಡನೆಯ ಸಾಲಿಗೆ ಹೋಗುತ್ತಿದ್ದಳು.

ಒಂದು ತೊಂದರೆ ಇತ್ತು. ಅವನಿಗೆ ನಿಲ್ಲಿಸುವುದು ತಿಳಿಯುತ್ತಿರಲಿಲ್ಲ. ಹಾಡು ಮುಗಿಯುವ ಹೊತ್ತಿಗೆ ಶುರುಮಾಡಿದ್ದೇ ಮರೆತು, "ಹೂಂ, ಹಾಡು ನೋಡೋಣ," ಎನ್ನುತ್ತಿದ್ದ. ರೊಟ್ಟಿ ತಣ್ಣಗಾಗುತ್ತಿತ್ತು, ದೀಪ ಹಚ್ಚುವ ಹೊತ್ತು ಮೀರುತ್ತಿತ್ತು. ಸಾಕು ಎಂದರೆ, "ಈಗರೆ ಕುಂತೀನಿ," ಎಂದು ಮುಖ ಸಣ್ಣ ಮಾಡುತ್ತಿದ್ದ. ಆಗ ಅವಳಿಗೆ ಒಂದು ಉಪಾಯ ಹೊಳೆಯಿತು. ಮಂಗಳ ಹಾಡಿದ ಮೇಲೆ ಮತ್ತೆ ಪದ ಎತ್ತಬಾರದು ಎಂಬುದು ಗಂಡನ ಮನೆತನದಲ್ಲೂ ಊರಲ್ಲೂ ಹಿಂದಿನಿಂದ ಬಂದದ್ದು. ಭಜನೆ ಇರಲಿ, ಪುರಾಣ ಇರಲಿ, ಮಂಗಳವಾಯಿತೆಂದರೆ ಆ ದಿನಕ್ಕೆ ಮುಗಿಯಿತು; ಕೇಳುವವರು ಕೈಮುಗಿದು ಏಳಬೇಕು, ವಾದ್ಯಕ್ಕೆ ಬಟ್ಟೆ ಹೊದಿಸಬೇಕು. ಅವಳು ಹಾಡಿನ ಕೊನೆಯ ಸಾಲು ಮುಗಿಸಿ, ಉಸಿರು ತೆಗೆದುಕೊಂಡು, ಮಂಗಳಕ್ಕೆ ತಿರುಗಿದಳು. ಜಯತೀರ್ಥ ಕೂಡಲೇ ಭೈರವಿ ರಾಗಕ್ಕೆ ಹೊರಳಿ ಜೊತೆಗೆ ಬಾರಿಸಿದ. ಮುಗಿದ ಮೇಲೆ ಹಾರ್ಮೋನಿಯಂ ಮುಟ್ಟಿ ಕಣ್ಣಿಗೊತ್ತಿಕೊಂಡ, ತಿದಿ ಮುಚ್ಚಿದ, ಶಲ್ಯ ಹೊದಿಸಿದ, ಕೈಕಾಲು ತೊಳೆಯಲು ಎದ್ದು ಹೋದ. ಅಷ್ಟು ಸರಳವಾಗಿತ್ತು. ಅಂದಿನಿಂದ ದಿನಾ ಹಾಗೆಯೇ ಮಾಡಿದಳು.

ಬನ್ನಿಹಬ್ಬ ಬಂತು, ಹೋಯಿತು. ಒಂದು ಸಂಜೆ ಊರಿನ ಸಿಮೆಂಟ್ ಕಾರ್ಖಾನೆಯ ಧೂಳು ಗಂಟಲಿಗೆ ಹತ್ತಿ ಅವಳಿಗೆ ಕೆಮ್ಮು ಬಂತು. ಎರಡನೆಯ ನುಡಿಯ ನಡುವೆ ಹಾಡು ನಿಂತಿತು. ಜಯತೀರ್ಥನ ಕೈ ನಿಲ್ಲಲಿಲ್ಲ. ಬೆರಳುಗಳು ತಾವಾಗಿ ಮುಂದಿನ ಸಾಲಿಗೆ ಹೋದವು, ಅಲ್ಲಿಂದ ಪಲ್ಲವಿಗೆ ಮರಳಿದವು.

ಅವಳು ಕೆಮ್ಮು ಅದುಮಿಕೊಂಡು ನೋಡಿದಳು. "ಈ ಹಾಡು ನಿಮಗ ಬರ್ತದೇನ್ರಿ?"

"ಯಾವುದು? ಇದಾ? ಕೇಳೇ ಇಲ್ಲ."

"ಮತ್ತ ಮುಂದಿನ ಸಾಲು ಹೆಂಗ ಬಾರಿಸಿದ್ರಿ?"

ಅವನು ಬೆರಳುಗಳನ್ನು ನೋಡಿಕೊಂಡ. "ಚಾಲು ಹೇಳ್ತದಲ್ಲ, ಮುಂದ ಎಲ್ಲಿ ಹೋಗ್ಬೇಕಂತ."

ಮರುದಿನ ಮಜೀದಸಾಬ ಬಂದು ತಬಲಾ ಬಿಚ್ಚಿ ಕುಳಿತ. "ಹೊಸ ಹಾಡು ಬಾರ್ಸು," ಎಂದರೆ ಜಯತೀರ್ಥ ಗೊತ್ತಿಲ್ಲವೆಂದ.

"ಬ್ಯಾಡ ಬಿಡು. ನಾ ಠೇಕಾ ಹಿಡೀತೀನಿ, ಕೈ ಎಲ್ಲಿ ಹೋಗ್ತದ ಹೋಗ್ಲಿ."

ಠೇಕಾ ಒಂದು ಸುತ್ತು ತಿರುಗಿತು, ಎರಡು ಸುತ್ತು ತಿರುಗಿತು. ಪದ್ಮಾಬಾಯಿ ಪಲ್ಲವಿಯ ಮೊದಲ ಸ್ವರವನ್ನು ಗುನುಗಿದಳು. ಹಾಡು ಮೊದಲಿಂದ ಕೊನೆಯವರೆಗೆ ಬಂತು.

"ಕಳ್ಳ ಅದೀ ನೀ. ನನ್ನ ಚಾಲು ಕದ್ದು ಇಟ್ಕೊಂಡು ಗೊತ್ತಿಲ್ಲಂತೀ," ಎಂದ ಮಜೀದಸಾಬ.

"ನಿನ್ನ ಚಾಲು ಯಾಂವ ಕದೀತಾನ? ಮನ್ಯಾಗ ಇಟ್ರ ಬಾಡಿಗಿ ಕೇಳ್ತದ," ಎಂದ ಜಯತೀರ್ಥ. ಇಬ್ಬರೂ ನಕ್ಕರು. ಮಜೀದಸಾಬ ಮುಖ ಆ ಕಡೆ ಮಾಡಿ ತಬಲಾದ ಬಾರು ಬಿಗಿಯುತ್ತ ಬಹಳ ಹೊತ್ತು ಕುಳಿತ.

ಪದ್ಮಾಬಾಯಿಗೆ ಸಂತೋಷವಾಗಬೇಕಿತ್ತು. ನೌಕರಿ ಉಳಿಯಿತು ಎಂದುಕೊಂಡಳು, ಅಷ್ಟೇ. ಆದರೆ ಅಂದು ರೊಟ್ಟಿ ಬಡಿಯುವಾಗ ಒಂದು ಯೋಚನೆ ಬಂದು ಕೈ ನಿಂತಿತು. ಏನೂ ಹೋಗದ ಜಾಗಕ್ಕೆ ಒಂದು ಹಾಡು ಹೋಗಿದೆ. ಹಾಗಾದರೆ ಒಳಗೆ ಎಲ್ಲೋ ಬಾಗಿಲಿದೆ. ಅದರೊಳಗೆ ಮಜೀದಸಾಬನ ಚಾಲು ಹೋಯಿತು, ಅಂಬಾರಾಯರ ಸಾಲುಗಳು ಹೋದವು. ದಿನಾ ಎದುರಿಗೆ ಕುಳಿತು ಹಾಡಿದವಳು ಮಾತ್ರ ಹೊಸ್ತಿಲ ಹೊರಗೇ ಉಳಿದಳೇ? ಹೆಂಚಿನ ಮೇಲಿನ ರೊಟ್ಟಿ ಕರಕಲಾದದ್ದು ಅವಳಿಗೆ ವಾಸನೆಯಿಂದ ತಿಳಿಯಿತು.

ನವೆಂಬರ್ ಒಂದರಂದು ಸಾಲೆಯ ಅಂಗಳಕ್ಕೆ ಶಾಮಿಯಾನ ಹಾಕಿದ್ದರು. ಗುಲಬರ್ಗಾದ ಸಾಹೇಬರು, ಸೆಕ್ರೆಟರಿ, ಊರಿನ ಹಿರಿಯರು ವೇದಿಕೆಯ ಮೇಲಿದ್ದರು. ಮೊದಲು ಸ್ವಾಗತದ ಹಾಡು, ಆಮೇಲೆ ದೀಪ, ಆಮೇಲೆ ಭಾಷಣಗಳು. ವೇದಿಕೆಯ ಮಗ್ಗುಲಲ್ಲಿ ಹಾರ್ಮೋನಿಯಂ, ತಬಲಾ. ಹುಡುಗಿಯರು ಸಾಲಾಗಿ ನಿಂತರು. ಪದ್ಮಾಬಾಯಿ ಗಂಡನಿಗೆ ಕಾಣುವಂತೆ ಹೆಣ್ಣುಮಕ್ಕಳ ನಡುವೆ ಮುಂದುಗಡೆ ಕುಳಿತಳು.

ಠೇಕಾ ಶುರುವಾಯಿತು. ಒಬ್ಬ ಹುಡುಗಿ ಪಲ್ಲವಿ ಎತ್ತಿದಳು. ಜಯತೀರ್ಥ ಬಾರಿಸಿದ.

ಒಂದು ಸ್ವರವೂ ಆಚೀಚೆಯಾಗಲಿಲ್ಲ. ಕರ್ನಾಟಕ ಎಂಬ ಹೆಸರು ಬಂದಲ್ಲೆಲ್ಲ ಹುಡುಗಿಯರ ದನಿಯ ಕೆಳಗೆ ಹಾರ್ಮೋನಿಯಂ ತುಂಬಿ ನಿಂತಿತು. ಅಂಬಾರಾಯರು ವೇದಿಕೆಯ ಮೇಲೆ ತಮ್ಮ ಸಾಲುಗಳಿಗೆ ತಾವೇ ತಲೆದೂಗಿದರು. ಸೆಕ್ರೆಟರಿ ಕೂಡ ತೊಡೆಯ ಮೇಲೆ ಬೆರಳಾಡಿಸುತ್ತಿದ್ದರು. ಹಾಡು ಮುಗಿಯಿತು. ಚಪ್ಪಾಳೆಗೆ ಕೈಗಳು ಎದ್ದವು.

ಜಯತೀರ್ಥ ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ತಡೆದ. ಆಮೇಲೆ ಅವನ ಕೈ ಭೈರವಿಗೆ ಹೊರಳಿತು.

ಪದ್ಮಾಬಾಯಿಗೆ ಮೊದಲು ಅರ್ಥವಾಗಲಿಲ್ಲ. ಮಜೀದಸಾಬ ಅವಳ ಕಡೆ ನೋಡಿದ; ಠೇಕಾ ಬಿಡಬೇಕೋ ಹಿಡಿಯಬೇಕೋ ತಿಳಿಯದೆ ಹಿಡಿದ. ಎರಡು ಸ್ವರ ಕೇಳಿದ್ದೇ ತಡ, ಮುಂದಿನ ಸಾಲಿನ ಮುದುಕರು ಟೊಪ್ಪಿಗೆ ಸರಿಮಾಡಿಕೊಂಡು, ಕೈಮುಗಿದು ಎದ್ದುನಿಂತರು. ಅವರನ್ನು ನೋಡಿ ಹಿಂದಿನವರು ಎದ್ದರು. ಕಾರ್ಯಕ್ರಮ ಮುಗಿಯಿತೆಂದು ಹಿಂದಿನ ಹುಡುಗಿಯರು ಬೂಂದಿ ಹಂಚುವ ಕೋಣೆಯ ಕಡೆ ಓಡಿದರು. ಸಾಹೇಬರು ಕಡ್ಡಿಪೆಟ್ಟಿಗೆ ಹಿಡಿದುಕೊಂಡೇ ಅರ್ಧ ಎದ್ದರು.

"ಮುಗೀತೇನ್ರಿ? ನಾ ಇನ್ನೂ ದೀಪಾನೇ ಹಚ್ಚಿಲ್ಲ," ಎಂದರು.

"ಆರತಿ ಆತ್ರಿ ಸಾಹೇಬ್ರ. ಇನ್ನ ಪೂಜಿ ಎಲ್ಲೀದು?" ಎಂದರು ಸೆಕ್ರೆಟರಿ, ಎಲ್ಲರಿಗೂ ಕೇಳುವಂತೆ. ವೇದಿಕೆಯ ಮೇಲೆ ನಗು ಎದ್ದಿತು.

ಎಲ್ಲರೂ ನಿಂತ ಆ ಗದ್ದಲದಲ್ಲಿ ಪದ್ಮಾಬಾಯಿ ಒಬ್ಬಳೇ ಕುಳಿತಿದ್ದಳು. ಎದ್ದು ಹೋಗಿ ತಡೆಯಬೇಕಿತ್ತು. ಅವಳು ಕೇಳುತ್ತಿದ್ದಳು. ಮಂಗಳದ ಕೊನೆಯ ಸಾಲು ಮೇಲಿನ ಷಡ್ಜಕ್ಕೆ ಏರಿ ಅಲ್ಲಿ ನಿಲ್ಲಬೇಕು. ಜಯತೀರ್ಥನಿಗೆ ಅವನ ತಂದೆ ಕಲಿಸಿದ್ದು ಹಾಗೆ. ಮದುವೆಯ ಹೊಸತರಲ್ಲಿ ದೇವರ ಮುಂದೆ ಅವನು ಬಾರಿಸುತ್ತಿದ್ದುದೂ ಹಾಗೆ. ಅವಳ ಕಂಠ ಅಷ್ಟು ಮೇಲೆ ಹೋಗದು. ಅವಳು ಆ ಮೆಟ್ಟಿಲ ಬುಡಕ್ಕೆ ಬಂದು, ಸದ್ದಿಲ್ಲದೆ ಪಂಚಮಕ್ಕೆ ಇಳಿದುಬಿಡುತ್ತಿದ್ದಳು. ಹಾಗೆ ಇಳಿಯುತ್ತೇನೆಂದು ಅವನಿಗೆ ಎಂದೂ ಹೇಳಿರಲಿಲ್ಲ. ಅದು ತನ್ನ ದೋಷವೆಂದು ನಾಚಿಕೆಯಿತ್ತು.

ಹಾರ್ಮೋನಿಯಂ ಆ ಜಾಗಕ್ಕೆ ಬಂತು. ಮೇಲೇರಲಿಲ್ಲ. ಪಂಚಮಕ್ಕೆ ಇಳಿಯಿತು, ಅವಳು ಇಳಿಯುವಷ್ಟೇ ಮೆಲ್ಲಗೆ.

ಜಯತೀರ್ಥ ವಾದ್ಯ ಮುಟ್ಟಿ ಕಣ್ಣಿಗೊತ್ತಿಕೊಂಡ. ತಿದಿ ಮುಚ್ಚಿದ. ಶಲ್ಯ ಹೊದಿಸಿ, ಸಭೆಗೆ ಕೈಮುಗಿದು, ಕೈಕಾಲು ತೊಳೆಯಲು ನಲ್ಲಿಯ ಕಡೆ ನಡೆದ.

ಸಂಜೆ ಮಜೀದಸಾಬ ಮನೆಗೆ ಬಂದ. ಒಳಗೆ ಬರದೆ ಕಟ್ಟೆಯ ಮೇಲೆ ಕುಳಿತ.

"ಠೇಕಾ ತಪ್ಪಿದೆ, ವೈನಿ. ಕೊನೀಗೆ ಅಂವ ಮ್ಯಾಲೆ ಹೋಗ್ತಾನಂತ ನಾ ತಯಾರ ಇದ್ದೆ. ಸಣ್ಣವರಿದ್ದಾಗಿಂದ ಹಂಗೇ ಬಾರಸ್ತಿದ್ದ. ಇವತ್ತು ಕೆಳಗ ಇಳದ್ಬಿಟ್ಟ. ತಲಿ ಹೋದಂಗ ಕೈನೂ ಹೋಗ್ಲಿಕತ್ತಾವೇನ್ರಿ ಅಂವಂದು?"

"ಇಲ್ರಿ," ಎಂದಳು ಪದ್ಮಾಬಾಯಿ.

ಮರುದಿನ ಅಂಬಾರಾಯರು ಬಂದರು. ಸಾಹೇಬರು ದೊಡ್ಡ ಮನುಷ್ಯರು, ನಕ್ಕು ಸುಮ್ಮನಾದರು. ಸೆಕ್ರೆಟರಿ ಸುಮ್ಮನಾಗಿರಲಿಲ್ಲ.

"ಕೈ ಕಾಲು ಹಿಡಕೊಂಡು ಒಂದು ಅವಕಾಶ ತಂದೀನಿ, ತಂಗಿ. ಮಕ್ಕಳ ದಿನಾಚರಣಿಗೆ ಅದೇ ಹಾಡು ಇಡ್ತೀನಿ. ಹಾಡು ಭೇಷ್ ಬಾರಿಸಿದ್ರು, ಅದಕ್ಕ ಸೆಕ್ರೆಟರಿನೂ ಇಲ್ಲನ್ನಂಗಿಲ್ಲ. ಆ ಬಾಲ ಅದಲ್ಲ, ಅದನ್ನ ಕಡೀಬೇಕು. ಹಾಡು ಮುಗಿದಲ್ಲೇ ನಿಂದ್ರಬೇಕು. ಇನ್ನೊಮ್ಮೆ ಹಂಗಾದ್ರ ಬುಲ್‌ಬುಲ್ ಬಂತು ಅಂತ ತಿಳ್ಕೋ."

"ನಾನೇ ಅಂಟಿಸಿದ್ದು ಅದು, ಸರ್."

"ಹಂಗಾರ ನೀನೇ ಬಿಡಿಸವ್ವ."

ಅವಳು ಮೊದಲು ಮಂಗಳ ಹಾಡುವುದನ್ನು ಬಿಟ್ಟು ನೋಡಿದಳು. ಅವಳು ಸುಮ್ಮನಿದ್ದರೂ ಅವನ ಕೈ ತಾನೇ ಹೊರಳಿ ಮಂಗಳ ಬಾರಿಸಿತು. ಮಾತಿನಲ್ಲಿ ಹೇಳಿ ನೋಡಿದಳು: "ಹಾಡು ಮುಗಿದ ಮ್ಯಾಲೆ ಮಂಗಳ ಬ್ಯಾಡ್ರಿ." ಅವನು, "ಆಗ್ಲಿ, ಅದಕ್ಕೇನು," ಎಂದ. ಹಾಡು ಮುಗಿಯುವ ಹೊತ್ತಿಗೆ ಆ ಮಾತು ಎಲ್ಲಿತ್ತು? ಅವನ ತಲೆಗೆ ಹೇಳಿ ಪ್ರಯೋಜನವಿರಲಿಲ್ಲ. ಕೈಗೆ ಕಲಿಸಿದ್ದನ್ನು ಕೈಯಿಂದಲೇ ಬಿಡಿಸಬೇಕು. ಕೈ ಅಲ್ಲಿಗೆ ಹೋಗುವ ಮೊದಲು ಹಿಡಿಯಬೇಕು. ನಾಳೆಯೂ ಹಿಡಿಯಬೇಕು, ನಾಡಿದ್ದೂ ಹಿಡಿಯಬೇಕು, ಹೋಗುವ ದಾರಿ ಇತ್ತೆಂಬುದೇ ಬೆರಳಿಗೆ ಮರೆಯುವವರೆಗೆ. ಪಂಚಮಕ್ಕೆ ಇಳಿಯುವುದೂ ಅದರ ಜೊತೆಗೇ ಹೋಗುತ್ತದೆ. ಆಮೇಲೆ ಈ ಮನುಷ್ಯನೊಳಗೆ ತನ್ನದೆಂಬುದು ಏನೂ ಇರುವುದಿಲ್ಲ. ಮಜೀದಸಾಬನ ಚಾಲು ಇರುತ್ತದೆ, ನೌಕರಿ ಇರುತ್ತದೆ.

ಅವಳು ಬಾಗಿಲು ಮುಂದಕ್ಕೆ ಹಾಕಿ ಬಂದು ಅವನ ಮಗ್ಗುಲಲ್ಲಿ ಕುಳಿತಳು. ಒಮ್ಮೆ ಪೂರ್ತಿ ಬಾರಿಸಲು ಬಿಟ್ಟಳು. ಹಾಡು ಬಂತು, ಮಂಗಳ ಬಂತು; ಕೊನೆಯ ಸಾಲಿನಲ್ಲಿ ಅವನು ಅವಳ ದಾರಿಯಲ್ಲಿ ಕೆಳಗಿಳಿದ. ಅವಳು ತಲೆ ತಗ್ಗಿಸಿ ಕೊನೆಯ ಸ್ವರ ಆರುವವರೆಗೆ ಕೇಳಿದಳು. ಅವನು ಶಲ್ಯಕ್ಕೆ ಕೈ ಹಾಕಿದಾಗ ಅದನ್ನು ತೆಗೆದು ಪಕ್ಕಕ್ಕಿಟ್ಟಳು. ಸ್ವಲ್ಪ ಹೊತ್ತು ಕಾಯ್ದು ಪಲ್ಲವಿ ಎತ್ತಿದಳು. ಅವನು ಮತ್ತೆ ಬಾರಿಸಿದ. ಹಾಡಿನ ಕೊನೆಯ ಸ್ವರ ನಿಂತಿತು. ಬೆರಳುಗಳು ಭೈರವಿಯ ಕಡೆ ಸರಿದವು.

ಅವಳು ತನ್ನ ಅಂಗೈಯನ್ನು ಅವುಗಳ ಮೇಲಿಟ್ಟು ಒತ್ತಿದಳು.

ಒತ್ತಿದ ಸ್ವರದ ಮನೆಗಳೆಲ್ಲ ಒಟ್ಟಿಗೆ ಕೂಗಿ, ತಿದಿಯ ಗಾಳಿ ತೀರುತ್ತ ಸುಮ್ಮನಾದವು. ಅವನು ಬೆಚ್ಚಿದ. ಕಿವಿ ಕೆಂಪಾಯಿತು. ಆದರೆ ಕೈ ಬಿಡಿಸಿಕೊಳ್ಳಲಿಲ್ಲ. ಅವಳ ಕೈಯನ್ನು ಮಗುಚಿ, ಅಂಗೈಯನ್ನು ಬೆಳಕಿಗೆ ಹಿಡಿದು, ಬಿರಿದ ಬೆರಳುಗಳನ್ನು ಒಂದೊಂದಾಗಿ ನೋಡಿದ.

"ಮದರಂಗಿ ಇಷ್ಟು ಲಗೂನ ಅಳಿಸಿ ಹೋತೇನು?"

"ಹೋತ್ರಿ."

"ಮೊನ್ನಿ ಎಷ್ಟು ಕೆಂಪಾಗಿತ್ತು."

"ನೀರಾಗ ಕೈ ಹಾಕಿದ್ರ ಹೋಗ್ತದ್ರಿ," ಎಂದಳು ಅವಳು. "ಇನ್ನೊಮ್ಮೆ ಬಾರಸ್ರಿ. ಮೊದಲಿಂದ."

ಅವನು ತಿದಿ ಎಳೆದ. ಅವಳು ಕೈ ಹಿಂದಕ್ಕೆ ತೆಗೆದುಕೊಂಡು, ಹಾಡಿನ ಕೊನೆ ಬರುವುದನ್ನು ಕಾಯುತ್ತ ಕುಳಿತಳು.